ಗಣಿಯ ಹೆಣ್ಣಾಳುಗಳನ್ನು ಅರಿಯಲು ಕ್ಯಾಮೆರಾವನ್ನು ನಂಬಬಹುದೇ?

ಪರ

ಗಣಿ ಎಂದೊಡನೆ ಕಣ್ಣಮುಂದೆ ಬರುವುದು ತಲೆಗೆ ದೀಪ ಕಟ್ಟಿಕೊಂಡು ಸುರಂಗಕ್ಕಿಳಿಯುವ ಗಂಡಸು. ಅದಿರು ಒಡೆಯುವುದು, ಆರಿಸುವುದು, ಜರಡಿ ಹಿಡಿಯುವುದು, ಹೊರುವುದು ಮುಂತಾಗಿ ಹೆಂಗಸರು ಮಾಡುವ ಕೆಲಸಗಳು ಬಹುಪಾಲು ಸುರಂಗದ ಹೊರಗೆ ನಡೆಯುವುದರಿಂದ ಗಣಿಗಾರಿಕೆಯ ಲೆಕ್ಕಕ್ಕೆ ಸೇರದೆ ಉಳಿದುಬಿಡುತ್ತವೆ. ಬೊಲಿವಿಯಾದ ಪೊಟೊಸಿಯಲ್ಲಿ, ಗಣಿಯಿಂದ ಹೊರಗೆಸೆದ ಕಲ್ಲಿನ ರಾಶಿಯಲ್ಲಿ ಅದಿರು ಹುಡುಕುವ ಹೆಂಗಸರನ್ನು 'ಪಲ್ಯಿರಿ' ಎನ್ನುತ್ತಾರೆ. ಅವರಲ್ಲಿ ಹಲವರು ಗಣಿ ಕೆಲಸಕ್ಕೆ ಗಂಡನನ್ನು ಕಳೆದುಕೊಂಡವರು. ವರದಿಯೊಂದು ಅವರ ದುಡಿಮೆಯನ್ನು 'ಅದಿರು ಆಯುವುದು' ಎಂಬ ಎರಡು ಪದಗಳಲ್ಲಿ ಮುಗಿಸಬಹುದು. ಆದರೆ ಎಡಗೈ ಕಲ್ಲನ್ನು ಹೇಗೆ ಒತ್ತಿಹಿಡಿದಿದೆ, ಸುತ್ತಿಗೆಯ ಏಟು ಬೆರಳಿನಿಂದ ಎಷ್ಟು ಅಂತರದಲ್ಲಿ ಬೀಳುತ್ತದೆ, ಕೈಗವಸು ಉಂಟೇ, ಮೂಗಿಗೆ ಬಟ್ಟೆ ಉಂಟೇ ಎಂಬುದನ್ನು ಚಿತ್ರ ಮಾತ್ರ ಹೇಳೀತು. ಅದೇ ರಾಶಿಗೆ ವರ್ಷ ವರ್ಷವೂ ಮರಳಿ ಹೋಗಿ ಚಿತ್ರ ತೆಗೆದರೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದೂ ದಾಖಲಾಗುತ್ತದೆ.

ಕ್ಯಾಮೆರಾ ಸದಾ ಹೊರಗಿನವರ ಕೈಯಲ್ಲೇ ಇರಬೇಕೆಂದೇನೂ ಇಲ್ಲ. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಎಂಬ ಸಂಶೋಧಕಿಯರು ಚೀನಾದ ಯುನ್ನಾನ್ ಪ್ರಾಂತದ ಹಳ್ಳಿಯ ಹೆಂಗಸರಿಗೇ ಕ್ಯಾಮೆರಾ ಕೊಟ್ಟು, 'ಫೋಟೊವಾಯ್ಸ್' ಎಂಬ ವಿಧಾನವನ್ನು ರೂಪಿಸಿದರು. ಗಣಿಯ ಹೆಂಗಸರ ಅಧ್ಯಯನಕ್ಕೆ ಇದಕ್ಕಿಂತ ನ್ಯಾಯವಾದ ದಾರಿ ನನಗೆ ಕಾಣದು.

ವಿರೋಧ

ಚಿತ್ರವನ್ನು ಕಂಡವರು ಮುಂದೆ ಏನು ಮಾಡಿದರು ಎಂಬುದನ್ನೂ ಕೇಳಬೇಕು. 1842ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕ ಮಕ್ಕಳ ಕುರಿತ ಆಯೋಗದ ವರದಿ ಚಿತ್ರಗಳೊಡನೆ ಹೊರಬಂತು. ಅವು ಫೋಟೊಗಳಲ್ಲ, ಬಿಡಿಸಿ ಅಚ್ಚು ಹಾಕಿದ ಚಿತ್ರಗಳು. ಆದರೂ ಸೊಂಟಕ್ಕೆ ಪಟ್ಟಿ ಬಿಗಿದು, ಕಾಲುಗಳ ನಡುವೆ ಸರಪಳಿ ಹಾಯಿಸಿ, ಅಂಬೆಗಾಲಿನಲ್ಲಿ ಕಲ್ಲಿದ್ದಲ ಬಂಡಿ ಎಳೆಯುವ ಹುಡುಗಿಯ ಚಿತ್ರ ದೇಶವನ್ನೇ ಬೆಚ್ಚಿಬೀಳಿಸಿತು. ಓದುಗರನ್ನು ಕಾಡಿದ್ದು ಅವಳ ದಣಿವಷ್ಟೇ ಅಲ್ಲ, ಅರೆಬೆತ್ತಲೆ ಮೈಯೂ ಹೌದು. ಅದೇ ವರ್ಷದ ಕಾಯಿದೆ ಹೆಂಗಸರನ್ನು ನೆಲದಡಿಯ ಕೆಲಸದಿಂದ ಹೊರಗಿಟ್ಟಿತು. ನಿಂತುಹೋದ ಕೂಲಿಗೆ ಬದಲಿಯನ್ನು ಮಾತ್ರ ಕೊಡಲಿಲ್ಲ.

ಮುಂದೆ ಇಂಗ್ಲೆಂಡಿನ ಕಲ್ಲಿದ್ದಲ ಪಟ್ಟಣವಾದ ವಿಗನ್‌ನ ಸ್ಟುಡಿಯೋಗಳಲ್ಲಿ, ಗಣಿಯ ಮೇಲ್ಭಾಗದಲ್ಲಿ ದುಡಿಯುತ್ತಿದ್ದ ಹೆಂಗಸರನ್ನು ಷರಾಯಿಯಲ್ಲೇ, ಕೈಗೆ ಸಲಿಕೆ ಕೊಟ್ಟು ನಿಲ್ಲಿಸಿ ಚಿತ್ರ ತೆಗೆದು ಮಾರಿದರು. ದುಡಿಯುವ ಹೆಂಗಸರ ಬಗ್ಗೆ ದಿನಚರಿ ಬರೆದಿಟ್ಟ ಇಂಗ್ಲಿಷ್ ಲೇಖಕ ಆರ್ಥರ್ ಮನ್ಬಿ ಅಂಥವನ್ನು ಬಹಳವಾಗಿ ಸಂಗ್ರಹಿಸಿದ. ಆ ಚಿತ್ರಗಳಲ್ಲಿ ಉಡುಪು ಇದೆ, ಕೆಲಸ ಇಲ್ಲ.

ಇಂದಿನ ಕ್ಯಾಮೆರಾ ಸ್ಥಳಕ್ಕೇ ಹೋಗುತ್ತದೆ, ನಿಜ. ಆದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವ ಅತಿಸೂಕ್ಷ್ಮ ಧೂಳು, ತೂಕದಲ್ಲಿ ಆಗುವ ಮೋಸ, ಮುಂಗಡದ ಸಾಲ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಪರವಾನಗಿ ಇಲ್ಲದ ಗಣಿಯಲ್ಲಿ ದುಡಿಯುವವಳ ಮುಖವಂತೂ ಸ್ಪಷ್ಟವಾಗಿ ಬೀಳುತ್ತದೆ. ನಾಳೆ ಅದೇ ಚಿತ್ರ ಅವಳ ವಿರುದ್ಧದ ಸಾಕ್ಷ್ಯವಾದರೆ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಅಧ್ಯಯನಕಾರರು ಆ ಹೊತ್ತಿಗೆ ಊರು ಬಿಟ್ಟಿರುತ್ತಾರೆ.