ಬಲ್ಬು ಬದಲಿಸೋಕೂ ಬಂಪರ್ ಬಿಚ್ಚಬೇಕಾ?

ಮಾರುತಿ 800ನಲ್ಲಿ ಹೆಡ್‌ಲೈಟ್ ಹೋದ್ರೆ ಏನಿತ್ತು ಕೆಲಸ? ಬಾನೆಟ್ ಎತ್ತಿ, ಮೂರು ಪಿನ್ನಿನ ಕನೆಕ್ಟರ್ ಕಿತ್ತು, ರಬ್ಬರ್ ಟೋಪಿ ಸುಲಿದು, ಸ್ಪ್ರಿಂಗ್ ಕ್ಲಿಪ್ ಒತ್ತಿದ್ರೆ ಎಚ್4 ಬಲ್ಬು ಕೈಗೆ ಬರ್ತಿತ್ತು. ಹೊಸದರ ಗಾಜು ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಜಾಗ ಕಾದು ಬೇಗ ಸುಟ್ಟುಹೋಗುತ್ತೆ, ಅಷ್ಟೇ ಎಚ್ಚರಿಕೆ. 60/55 ವ್ಯಾಟಿನ ಆ ಬಲ್ಬು ಹೋಬಳಿ ಅಂಗಡಿಯಲ್ಲೂ ಸಿಗ್ತಿತ್ತು.

ಈಗ? ಎಲ್‌ಇಡಿ ಅಂತೆ. ಒಳಗಿನ ಸಣ್ಣ ಬೋರ್ಡ್ ಸುಟ್ರೆ ಬೋರ್ಡ್ ಮಾತ್ರ ಕೊಡಲ್ಲ, ಅಸೆಂಬ್ಲಿ ಪೂರ್ತಿ ಕೊಳ್ಳಿ ಅಂತಾರೆ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನ ಈಚೆಗೆ ತೆಗೀಬೇಕಾದ್ರೆ ಬಂಪರ್ ಇಳಿಸಬೇಕು. ಇಳಿಸುವಾಗ ಪ್ಲಾಸ್ಟಿಕ್ ಕ್ಲಿಪ್ ನಾಲ್ಕು ಮುರಿಯುತ್ತೆ. ಆಮೇಲೆ ಆ ಬಂಪರ್ ಹಂಪ್ ಹಂಪಿಗೂ ಗಡಗಡ.

ಏಸಿ ಗುಂಡಿಗಳನ್ನ ಪರದೆಯೊಳಗೆ ತುರುಕಿದ ಮಹಾನುಭಾವ ಯಾರೋ, ಅವನನ್ನ ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿಗೆ ಕರ್ಕೊಂಡು ಬರಬೇಕು. ಗಾಜು ಒಳಗಿಂದ ಮಂಜಾದ್ರೆ ಏಸಿ ಹಾಕಿ, ಹೊರಗಾಳಿ ಬಿಟ್ಟು, ಗಾಳಿಯನ್ನ ಗಾಜಿನ ಕಡೆ ತಿರುಗಿಸಬೇಕು. ಹೊರಗಿಂದ ಮಂಜಾದ್ರೆ ಗಾಜು ತೀರಾ ತಣ್ಣಗಾಗಿದೆ ಅಂತರ್ಥ: ವೈಪರ್ ಹಾಕಿ, ಏಸಿ ತಂಪು ಇಳಿಸಬೇಕು. ಹಳೇ ಕಾರಲ್ಲಿ ಇದೆಲ್ಲ ರಸ್ತೆಯಿಂದ ಕಣ್ಣು ತೆಗೀದೆ ಕೈ ತಡವಿ ಮಾಡೋ ಕೆಲಸ. ಈಗ ತಿರುವಿನ ಮಧ್ಯೆ ಮೆನು ಹುಡುಕಬೇಕು!

ಹಳೇದು ಸ್ವರ್ಗ ಅಂತೇನೂ ಅಲ್ಲ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯೋ ಎಬಿಎಸ್ ಇಲ್ಲ, ಚಳಿಯಲ್ಲಿ ಕಾರ್ಬುರೇಟರಿನ ಚೋಕ್ ಎಳೆದು ಒದ್ದಾಟ. ಗುದ್ದಿದ್ರೆ ಬದುಕೋದು ಹೊಸದರಲ್ಲೇ. ಆದ್ರೆ ಏರ್‌ಬ್ಯಾಗ್ ಕೊಟ್ಟವರು ಬಲ್ಬಿನ ಹಿಂದೆ ಕೈ ಹೋಗುವಷ್ಟು ಜಾಗ ಬಿಟ್ಟಿದ್ರೆ ಗಂಟೇನು ಹೋಗ್ತಿತ್ತು?

ಬಿಎಸ್6, ಅಂದ್ರೆ ಹೊಸ ಹೊಗೆ ನಿಯಮದ ಡೀಸೆಲ್ ಕಾರು ತಗೊಂಡವರ ಪಾಡು ಇನ್ನೂ ಬೇರೆ. ಸೈಲೆನ್ಸರ್ ದಾರಿಯಲ್ಲಿರೋ ಡಿಪಿಎಫ್ ಅನ್ನೋ ಫಿಲ್ಟರ್ ಹೊಗೆಯ ಮಸಿ ಹಿಡಿದಿಟ್ಟು, ಸುಮಾರು 600 ಡಿಗ್ರಿ ಶಾಖದಲ್ಲಿ ಅದನ್ನ ತಾನೇ ಸುಟ್ಟುಹಾಕುತ್ತೆ. ಅದಕ್ಕೆ ಹದಿನೈದಿಪ್ಪತ್ತು ನಿಮಿಷ ನಿಲ್ಲಿಸದೆ ಅರವತ್ತರ ಆಸುಪಾಸಲ್ಲಿ ಓಡಿಸಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅರವತ್ತು! ಅರ್ಧಕ್ಕೇ ಎಂಜಿನ್ ಆಫ್ ಮಾಡಿದ್ರೆ ಮಸಿ ಅಲ್ಲೇ ಉಳಿಯುತ್ತೆ. ಹೀಗೆ ಮತ್ತೆ ಮತ್ತೆ ಆದ್ರೆ ಸುಡೋಕೆ ಅಂತ ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆ ಇಳಿದು ಆಯಿಲ್‌ಗೆ ಸೇರುತ್ತೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ರೆ ಖುಷಿಪಡಬೇಡಿ, ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತೆ, ಕೂಡಲೇ ಬದಲಿಸಿ. ದಿನಾ ಐದು ಕಿಲೋಮೀಟರ್ ಆಫೀಸಿಗೆ ಓಡಾಡೋರಿಗೆ ಡೀಸೆಲ್ ಗಾಡಿ ಕಟ್ಟುವಾಗ ಶೋರೂಮಿನವರು ಇದನ್ನ ಹೇಳ್ತಾರಾ?

ಕೊನೇದು ಸ್ಟೆಪ್ನಿ. 2020ರ ನಿಯಮ ಬದಲಾವಣೆ ಆದ ಮೇಲೆ, ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡದ ಸೆನ್ಸರ್, ರಿಪೇರಿ ಕಿಟ್ ಇದ್ರೆ ಸ್ಟೆಪ್ನಿ ಕೊಡದಿದ್ರೂ ನಡೆಯುತ್ತೆ. ಕಿಟ್ಟಿನ ಅಂಟು ಮೊಳೆ ಚುಚ್ಚಿದ ತೂತಿಗೆ ಸರಿ. ಗುಂಡಿಗೆ ಬಿದ್ದು ಟೈರಿನ ಪಕ್ಕ ಸೀಳಿದ್ರೆ ಅದು ಮೂರು ಕಾಸಿಗೂ ಪ್ರಯೋಜನ ಇಲ್ಲ, ನಮ್ಮ ರಸ್ತೆಯಲ್ಲಿ ಸೀಳೋದೇ ಪಕ್ಕ. ಆ ಅಂಟಿನ ಬಾಟಲಿಗೂ ಎಕ್ಸ್‌ಪೈರಿ ಡೇಟ್ ಇರುತ್ತೆ, ಡಿಕ್ಕಿ ತೆಗೆದು ನೋಡ್ಕೊಳ್ಳಿ.