ಲಿಫ್ಟ್ ಹತ್ತದವರೂ ರೊಕ್ಕ ಕೊಡಬೇಕಾ?

ಹೋದ ರಜೆಗೆ ವಿಜಯಪುರಕ್ಕೆ ಬಂದಾಗ ತಮ್ಮನ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತ್ತು. ರಿಪೇರಿಗೆ ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತಿದ್ದರು. ಕೆಳಗಿನ ಮನೆಯ ಕಾಕಾ ಬಾಗಿಲಲ್ಲೇ ನಿಂತು, ‘ನಾ ಲಿಫ್ಟ್ ಹತ್ತಂಗೇ ಇಲ್ಲ, ರೊಕ್ಕ ಯಾಕ ಕೊಡ್ಲಿ?’ ಎಂದರು.

‘ಅಣ್ಣಾ, ನಿಮ್ಮ ಕಡೆ ಹೆಂಗ ಮಾಡ್ತಾರ?’ ಎಂದು ತಮ್ಮ ಕೇಳಿದ.

ನಾನಿರುವುದು ಕೆನಡಾದ ಟೊರಾಂಟೊ ಪಕ್ಕದ ಮಿಸಿಸಾಗದಲ್ಲಿ. ಅಲ್ಲಿ ಯಾರ ಪಾಲು ಶೇಕಡಾ ಎಷ್ಟು ಅಂತ ಕಟ್ಟಡದ ಮೂಲ ದಾಖಲೆಯಲ್ಲೇ ಬರೆದಿರುತ್ತದೆ. ಲಿಫ್ಟ್ ಹತ್ತಿ, ಬಿಡಿ, ತಿಂಗಳ ಮೆಂಟೇನೆನ್ಸ್ ಕಟ್ಟಲೇಬೇಕು.

ಮನೆ ಕೊಳ್ಳುವಾಗ ನಾನೂ ಜಾಣತನ ಮಾಡಲು ಹೋಗಿದ್ದೆ. ಒಂದು ಕಟ್ಟಡದಲ್ಲಿ ಮೆಂಟೇನೆನ್ಸ್ ತಿಂಗಳಿಗೆ 580 ಡಾಲರ್, ಇನ್ನೊಂದರಲ್ಲಿ 390. ಮನಸ್ಸು 390ರ ಕಡೆಗೇ ಎಳೆಯಿತು. ವಕೀಲರು ‘ತಡೀರಿ’ ಎಂದು ಸ್ಟೇಟಸ್ ಸರ್ಟಿಫಿಕೇಟ್ ತರಿಸಿದರು. ನಮ್ಮ ಪ್ರಾಂತ್ಯ ಒಂಟಾರಿಯೊದ ಕಾನೂನಿನಂತೆ ಕಟ್ಟಡದವರು ಅದಕ್ಕೆ 100 ಡಾಲರಿಗಿಂತ ಜಾಸ್ತಿ ಕೇಳುವಂತಿಲ್ಲ, 10 ದಿನದೊಳಗೆ ಕೊಡಬೇಕು. ಮುಂದಿನ ದೊಡ್ಡ ರಿಪೇರಿಗೆಂದು ಕೂಡಿಡುವ ರಿಸರ್ವ್ ಫಂಡಿನಲ್ಲಿ ಎಷ್ಟಿದೆ, ಕೋರ್ಟಿನಲ್ಲಿ ಕೇಸು ಇದೆಯಾ, ಎಲ್ಲ ಅದರಲ್ಲಿ ಸಿಗುತ್ತದೆ. 390ರ ಕಟ್ಟಡದ ಫಂಡು ಹೆಚ್ಚುಕಮ್ಮಿ ಖಾಲಿ. ಕಾರು ನಿಲ್ಲಿಸುವ ನೆಲಮಾಳಿಗೆ ಬೇರೆ ಸೋರುತ್ತಿತ್ತು. ರಿಪೇರಿಗೆ ಫಂಡು ಸಾಲದಿದ್ದರೆ ಸ್ಪೆಷಲ್ ಅಸೆಸ್‌ಮೆಂಟ್ ಅಂತ ಎಲ್ಲರ ಮೇಲೂ ಹಾಕುತ್ತಾರೆ. ಅದೂ ಪಟ್ಟಿಯೇ. ಬಾಗಿಲಲ್ಲಿ ನಿಂತು ವಾದ ಮಾಡುವಂತಿಲ್ಲ, ಅಷ್ಟೇ.

580ರದ್ದೇ ಕೊಂಡೆ. ಅದರಲ್ಲಿ ಒಂದಿಷ್ಟು ಹಿಮ ತೆಗೆಯಲು, ನೀರಿಗೆ, ವಿಮೆಗೆ. ಒಂದಿಷ್ಟು ರಿಸರ್ವ್ ಫಂಡಿಗೆ. ಛಾವಣಿ ಎಷ್ಟು ವರ್ಷ ಬಾಳೀತು, ಲಿಫ್ಟ್ ಯಾವಾಗ ಬದಲಿಸಬೇಕು ಎಂಬ ಲೆಕ್ಕವನ್ನು 3 ವರ್ಷಕ್ಕೊಮ್ಮೆ ಹೊಸದಾಗಿ ಹಾಕಬೇಕೆಂಬ ನಿಯಮವಿದೆ. ಮನೆ ಮಾರಿದರೆ ಫಂಡಿಗೆ ಕಟ್ಟಿದ್ದರಲ್ಲಿ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಇದು ಮಾತ್ರ ನನಗೆ ಇವತ್ತಿಗೂ ಚುರುಕ್ ಅನ್ನುತ್ತದೆ.

ಕಾನೂನು ನಮ್ಮಲ್ಲಿ ಇಲ್ಲ ಅಂತಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ‘ನಾನು ಬಳಸುವುದಿಲ್ಲ’ ಎಂದು ಪಾಲು ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಆದರೆ ಕಾಕಾನ ಮುಂದೆ ಕಾಯ್ದೆ ಓದೋದುಂಟಾ?

ಬೇರೆ ದಾರಿ ಹಿಡಿದೆ. ‘ಕಾಕಾ, ಹಳ್ಳಿ ಮನಿ ಮಾಳಗಿಗೆ ಮಳಿಗಾಲಕ್ಕಿಂತ ಮೊದಲ ಮಣ್ಣ ಹಾಕಸ್ತಿದ್ರಲ್ಲ, ಸೋರಲಿ ಅಂತ ಕಾಯ್ತಿದ್ರೇನು?’

ಕಾಕಾ ನಕ್ಕರು. ‘ಅದು ನನ್ನ ಸ್ವಂತ ಮಾಳಗಿ ಇತ್ತಲ್ಲೋ ತಮ್ಮಾ.’

ಆಮೇಲೆ ಒಳಗೆ ಹೋಗಿ ಅರ್ಧ ರೊಕ್ಕ ತಂದುಕೊಟ್ಟರು.