ಬ್ರೌಸರ್ ಇಲ್ಲದಿದ್ದರೂ ಜಾಂಗೋ ಬೇಕು
ಪೈಥಾನ್ ಭಾಷೆಯಲ್ಲಿ ವೆಬ್ ತಾಣಗಳ ಸರ್ವರ್ ಭಾಗವನ್ನು ಕಟ್ಟಲು ಬಳಸುವ ಚೌಕಟ್ಟು ಜಾಂಗೋ. ನಿಮ್ಮ ಲೇಖನದ ‘ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಜಾಂಗೋ ಅನಗತ್ಯ ಭಾರ, ನೇರವಾಗಿ ಡೇಟಾಬೇಸ್‌ಗೆ ಸಂಪರ್ಕ ಕೊಟ್ಟರೆ ಸಾಕು’ ಎಂಬ ಮಾತನ್ನು ಖಂಡಿತ ಒಪ್ಪಲಾರೆ. ಹಾಗೆ ಮಾಡಿದರೆ ಡೇಟಾಬೇಸ್ ಪಾಸ್‌ವರ್ಡ್ ಪ್ರತಿಯೊಬ್ಬ ಬಳಕೆದಾರರ ಕಂಪ್ಯೂಟರಿಗೂ ಹೋಗಿ ಸೇರುತ್ತದೆ; ಅದನ್ನು ಹೊರತೆಗೆಯುವುದು ಕಷ್ಟವೇನಲ್ಲ. ಜಾಂಗೋದಲ್ಲಿ ಬ್ರೌಸರ್‌ಗೆಂದೇ ಇರುವುದು ಟೆಂಪ್ಲೇಟ್ (ಪುಟದ ಅಚ್ಚು), ಫಾರ್ಮ್‌ಗಳಂಥ ಕೆಲವು ಭಾಗಗಳು ಮಾತ್ರ. ಓಆರ್‌ಎಂ (ಡೇಟಾಬೇಸನ್ನು ಪೈಥಾನ್ ಕೋಡ್‌ನಿಂದಲೇ ಬಳಸುವ ಪದರ), ಮೈಗ್ರೇಶನ್ (ಡೇಟಾಬೇಸ್ ರಚನೆಯ ಬದಲಾವಣೆ), ಬಳಕೆದಾರರ ಅನುಮತಿಗಳು, ನಿರ್ವಾಹಕರು ತಮ್ಮ ಬ್ರೌಸರ್‌ನಲ್ಲಿ ಬಳಸುವ ಅಡ್ಮಿನ್ ಪುಟ ಇವೆಲ್ಲ ಎದುರಿಗೆ ಯಾವ ಕ್ಲೈಂಟ್ (ಸರ್ವರ್ ಜೊತೆ ಮಾತಾಡುವ ತಂತ್ರಾಂಶ) ಇದ್ದರೂ ದುಡಿಯುತ್ತವೆ. ಎಚ್‌ಟಿಎಂಎಲ್ ಪುಟದ ಬದಲು ಜೇಸನ್ (ತಂತ್ರಾಂಶಗಳು ಸುಲಭವಾಗಿ ಓದುವ ದತ್ತಾಂಶ ರೂಪ) ಕಳುಹಿಸಿದರಾಯಿತು.

ಸಿಎಸ್‌ಆರ್‌ಎಫ್ ತಪಾಸಣೆ (ಬೇರೊಂದು ತಾಣ ಬಳಕೆದಾರರ ಹೆಸರಿನಲ್ಲಿ ಕಳ್ಳ ಕೋರಿಕೆ ಕಳುಹಿಸುವುದನ್ನು ತಡೆಯುವ ತಪಾಸಣೆ) ಅಡ್ಡಿಯಾಗುತ್ತದೆ ಎಂದೂ ಬರೆದಿದ್ದೀರಿ. ಬ್ರೌಸರ್ ತಾನಾಗಿಯೇ ಕುಕಿ ಕಳುಹಿಸುವುದರಿಂದ ಹುಟ್ಟುವ ಅಪಾಯಕ್ಕೆ ಇರುವ ಕಾವಲು ಅದು. ಕೋರಿಕೆಯ ಆಥರೈಸೇಶನ್ ಹೆಡರ್‌ನಲ್ಲಿ ತಾನೇ ಟೋಕನ್ (ಗುರುತಿನ ಸಂಕೇತ) ಸೇರಿಸಿ ಕಳುಹಿಸುವ ಕ್ಲೈಂಟ್‌ಗೆ ಆ ಅಪಾಯವೇ ಇಲ್ಲ. ಟೋಕನ್ ಮಾತ್ರ ಒಪ್ಪುವ ವ್ಯೂಗಳಿಗೆ (ಕೋರಿಕೆಗೆ ಉತ್ತರಿಸುವ ಕೋಡ್ ಭಾಗಗಳಿಗೆ) ಈ ತಪಾಸಣೆಯಿಂದ ನಿಶ್ಚಿಂತೆಯಿಂದ ವಿನಾಯಿತಿ ಕೊಡಬಹುದು.

ನಿಜವಾದ ಕಷ್ಟವನ್ನು ಲೇಖನ ಮುಟ್ಟಿಯೇ ಇಲ್ಲ. ವೆಬ್ ಪುಟ ರಿಫ್ರೆಶ್ ಮಾಡಿದೊಡನೆ ಹೊಸದಾಗುತ್ತದೆ. ಡೆಸ್ಕ್‌ಟಾಪ್ ತಂತ್ರಾಂಶದ ಹಳೆಯ ಆವೃತ್ತಿ ಯಾರದೋ ಕಚೇರಿಯ ಯಂತ್ರದಲ್ಲಿ ವರ್ಷಗಟ್ಟಲೆ ಉಳಿದು, ಹಳೆಯ ಫೀಲ್ಡ್‌ಗಳನ್ನೇ ಕೇಳುತ್ತಿರುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಯುಆರ್‌ಎಲ್‌ನಲ್ಲಿ ಎಪಿಐ (ಕ್ಲೈಂಟ್ ಮತ್ತು ಸರ್ವರ್ ಮಾತಾಡುವ ಒಪ್ಪಿತ ವಿಧಾನ) ಆವೃತ್ತಿ ಇರಬೇಕು. ಪ್ರತಿ ಕೋರಿಕೆಯ ಜೊತೆ ಕ್ಲೈಂಟ್ ತನ್ನ ಆವೃತ್ತಿಯನ್ನೂ ತಿಳಿಸಬೇಕು. ಆಗ ತೀರಾ ಹಳೆಯದಕ್ಕೆ ‘ನವೀಕರಿಸಿ’ ಎಂದು ಸರ್ವರ್ ಸ್ಪಷ್ಟವಾಗಿ ಹೇಳಬಲ್ಲದು.